ಹತ್ತೊಂಬತ್ತರ ಆಚೆಯ ಎಣಿಕೆ

ಅದು ಉಸಿರೋ, ಬರೀ ಸದ್ದೋ? ಸದ್ದಾದರೆ ಚಿಂತೆಯಿಲ್ಲ, ಎಲ್ಲೋ ಒಂದು ವೈರು ಸಡಿಲಾಗಿರುತ್ತದೆ, ಹುಡುಕಿ ಬಿಗಿ ಮಾಡಿದರೆ ಮುಗಿಯಿತು. ಉಸಿರಾದರೆ? ಉಸಿರಿಗೆ ಒಂದು ಮೊದಲು ಇರುತ್ತದೆ, ಒಂದು ಕೊನೆ ಇರುತ್ತದೆ. ಇದಕ್ಕೆ ಇತ್ತೇ? ಇತ್ತು ಅನ್ನಿಸಿತು. ಮರುಕ್ಷಣವೇ, ಇಲ್ಲ, ಇರಲಿ ಎಂದು ತಾನೇ ಕಾದು ಕೂತಿದ್ದಕ್ಕೆ ಹಾಗನ್ನಿಸಿರಬೇಕು ಎಂದುಕೊಂಡ.

ಹೆಡ್‌ಫೋನನ್ನು ಎರಡು ಕೈಯಲ್ಲೂ ಒತ್ತಿ ಹಿಡಿದು ಇನ್ನೊಮ್ಮೆ ಕೇಳಿದ. ಈಗ ಏನೂ ಇಲ್ಲ. ಮೇಜಿನ ಮೇಲೆ ಎರಡು ರಿಸೀವರ್‌ಗಳು ಅಕ್ಕಪಕ್ಕ ಕೂತಿದ್ದವು. ಮೊದಲನೆಯದರ ಮೈಕು ವೇದಿಕೆಯ ಮೇಲಿತ್ತು. ಎರಡನೆಯದರ ಮೈಕು ಇನ್ನೂ ಪೆಟ್ಟಿಗೆಯಲ್ಲೇ, ಸ್ಪಂಜಿನ ಗುಂಡಿಯೊಳಗೆ ಮಲಗಿತ್ತು, ಅದಕ್ಕೆ ಬ್ಯಾಟರಿಯನ್ನೂ ಹಾಕಿರಲಿಲ್ಲ. ಅವನು ಕೇಳಿದ್ದು ಆ ಎರಡನೆಯದರಲ್ಲಿ.

ಹಳೆಯ ಕಾಲದ ಸೆಟ್ಟಾಗಿದ್ದರೆ ಅವನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಅವು ಊರ ಮಾತನ್ನೆಲ್ಲ ಕೇಳಿಸಿಕೊಳ್ಳುವ ಜಾತಿ. ಹಾಡಿನ ನಡುವೆ ಟ್ಯಾಕ್ಸಿಯವನೊಬ್ಬ ಯಾರಿಗೋ ವಿಳಾಸ ಹೇಳುವುದು ಕೇಳಿಬಂದದ್ದೂ ಉಂಟು. ಈ ಹೊಸವು ಹಾಗಲ್ಲ. ತನ್ನ ಮೈಕು ಮಾತಾಡಿದರೆ ಮಾತು, ಇಲ್ಲದಿದ್ದರೆ ಕದ ಹಾಕಿದಂಥ ಮೌನ. ಆ ಕದದ ಆಚೆ ಯಾರೋ ನಿಂತು ಉಸಿರೆಳೆದುಕೊಂಡ ಹಾಗಿತ್ತು ಅದು.

ಅವನು ಹಾಡುವವರಿಗೆ ಸೌಂಡ್ ಮಾಡುವವನು. ಹತ್ತು ವಾದ್ಯ ಒಟ್ಟಿಗೆ ನುಡಿಯುವಾಗಲೂ ಯಾವ ತಂತಿ ಕೂದಲೆಳೆಯಷ್ಟು ಇಳಿದಿದೆ ಎಂದು ಬೆರಳು ಮಾಡಿ ತೋರಿಸುತ್ತಿದ್ದುದರಿಂದ ತಂಡದವರು ಅವನನ್ನು ಕಿವಿ ಎಂದೇ ಕರೆಯುತ್ತಿದ್ದರು. ಹೆಸರಿಟ್ಟವನು ಅವನ ಅಣ್ಣ. ಅಣ್ಣ ಹಾಡುತ್ತಿದ್ದ, ಅತ್ತಿಗೆ ಜೊತೆಗೆ ಹಾಡುತ್ತಿದ್ದಳು, ಇವನು ಸಭಾಂಗಣದ ಕೊನೆಯಲ್ಲಿ ಮೇಜು ಹಾಕಿಕೊಂಡು ಇಬ್ಬರ ದನಿಯನ್ನೂ ಜನರಿಗೆ ಮುಟ್ಟಿಸುತ್ತಿದ್ದ. ಹದಿನಾರು ವರ್ಷ ಹೀಗೇ ನಡೆದಿತ್ತು. ಹನ್ನೊಂದು ತಿಂಗಳ ಹಿಂದೆ, ಇದೇ ಸಭಾಂಗಣದಲ್ಲಿ, ಕಾರ್ಯಕ್ರಮದ ವಿರಾಮದಲ್ಲಿ, ಅಣ್ಣ ವೇದಿಕೆಯ ಹಿಂದಿನ ಓಣಿಯಲ್ಲಿ ಬಿದ್ದು ಸತ್ತ.

ಅಲ್ಲಿಂದ ಅತ್ತಿಗೆ ಬಾಯಿ ಬಿಟ್ಟು ಒಂದು ಸಾಲು ಹಾಡಿರಲಿಲ್ಲ. ಅಡುಗೆಮನೆಯಲ್ಲಿ ಗುನುಗುವುದೂ ನಿಂತಿತ್ತು. ಹೋದ ತಿಂಗಳು, ಯಾರೂ ಕೇಳದೆಯೇ, ಹಾಡುತ್ತೇನೆ ಅಂದಳು. ಎಲ್ಲಿ ನಿಂತಿತೋ ಅಲ್ಲಿಂದಲೇ ಶುರು ಮಾಡುತ್ತೇನೆ ಅಂದಳು. ಈ ಶನಿವಾರದ ಸಂಜೆಗೆ ಇದೇ ಸಭಾಂಗಣ ಗೊತ್ತಾಯಿತು. ತೊಡಕಾದದ್ದು ಮೈಕು. ಹಳೆಯ ಸೆಟ್ಟು ಓಡುತ್ತಿದ್ದ ಅಲೆಗಳನ್ನು ಈಗ ಮೊಬೈಲ್ ಫೋನಿನವರಿಗೆ ಕೊಟ್ಟುಬಿಟ್ಟಿದ್ದಾರೆ, ಅದನ್ನು ಇಲ್ಲಿ ಹಚ್ಚುವಂತಿಲ್ಲ ಎಂದು ಸಭಾಂಗಣದ ಮ್ಯಾನೇಜರು ಕಡ್ಡಿ ಮುರಿದಂತೆ ಹೇಳಿದ್ದರು. ಅಂತೂ ಹೊಸದನ್ನು ಆರಿಸಲೇಬೇಕಿತ್ತು.

ಆರಿಸಲು ಎರಡನ್ನು ತಂದಿದ್ದವನು ಮೈಕಿನ ವ್ಯಾಪಾರಿ. ಉದ್ದ, ತೆಳ್ಳಗೆ, ಗಾಳಿ ಬಂದರೆ ಬಾಗುವಂಥವನು, ಆದ್ದರಿಂದ ಅವನಿಗೆ ಆಂಟೆನಾ ಎಂಬ ಹೆಸರು ತಾನಾಗಿಯೇ ಅಂಟಿತ್ತು. ಬುಧವಾರ ಬೆಳಿಗ್ಗೆ ಹತ್ತಕ್ಕೇ ಪೆಟ್ಟಿಗೆ ಬಿಚ್ಚಿ, ಇಬ್ಬರು ಮಕ್ಕಳ ಗುಣ ಹೇಳುವ ತಂದೆಯ ಹಾಗೆ ಶುರು ಮಾಡಿದ. ಮೊದಲನೆಯದು ಸಾಧು. ವೈಫೈ ಓಡುವ ಅಲೆಯಲ್ಲೇ ಓಡುತ್ತದೆ, ಗುಂಡಿ ಒತ್ತಿದರೆ ಸಾಕು, ಕೇಳಿದ ಮಾತು ಕೇಳುತ್ತದೆ. ಆದರೆ ಗೋಡೆ ಕಂಡರೆ ಹೆದರುತ್ತದೆ, ಜನ ಕಂಡರೂ ಹೆದರುತ್ತದೆ. ಎರಡನೆಯದು ಘಾಟಿ. ಕೂರಿಸುವಾಗ ಖಾಲಿ ಅಲೆ ಹುಡುಕಿ ಕೊಡಬೇಕು, ಮುದ್ದು ಮಾಡಬೇಕು. ಒಮ್ಮೆ ಕೂತಿತೆಂದರೆ ಬಿಟ್ಟುಹೋಗುವ ಮಾತೇ ಇಲ್ಲ.

‘ಎರಡ್ರಲ್ಲಿ ನೀವಾದ್ರೆ ಯಾವುದನ್ನು ಕೊಳ್ತೀರಿ?’ ಎಂದು ಅತ್ತಿಗೆ ಕೇಳಿದಳು.

‘ನಾನು ಹಾಡಲ್ಲವಲ್ಲ ಅಕ್ಕಾ. ನಾನು ಹಾಡಿದ್ರೆ ಜನ ವೈರು ಇರೋದನ್ನೇ ಕೊಡಿ ಅಂತಾರೆ. ಎಳೆದು ಬೀಳಿಸೋದಕ್ಕೆ.’

ಅತ್ತಿಗೆ ನಕ್ಕಳು. ಆ ನಗುವನ್ನು ಕಿವಿ ಹೆಡ್‌ಫೋನಿನಲ್ಲಿ ಕೇಳಿದ, ಮೊದಲನೆಯ ಸೆಟ್ಟಿನಲ್ಲಿ. ನಗುವಿನ ಮೇಲಂಚು ಕತ್ತರಿಸಿದ ಹಾಗಿತ್ತು. ಅದು ಅವಳ ನಗುವೇ, ಆದರೆ ಪಕ್ಕದ ಮನೆಯಿಂದ ಬಂದದ್ದು.

ಅವರ ತಂಡದಲ್ಲಿ ಮೈಕು ನೋಡುವುದಕ್ಕೆ ಒಂದು ಕ್ರಮವಿತ್ತು. ಮೊದಲು ಒಂದು ಪಲ್ಲವಿ ಹಾಡುವುದು. ಆಮೇಲೆ ಹಾಡುವವರು ಮೈಕು ಬಾಯಿಯ ಹತ್ತಿರ ಹಿಡಿದು, ಒಂದು ಹೆಜ್ಜೆಗೆ ಒಂದರಂತೆ ಜೋರಾಗಿ ಎಣಿಸುತ್ತ, ವೇದಿಕೆಯ ಮೂಲೆಮೂಲೆಗೂ ಹೋಗುವುದು, ಪರದೆಯ ಹಿಂದೆ, ಮೆಟ್ಟಿಲು ಇಳಿದು, ಓಣಿ ದಾಟಿ, ಮೇಕಪ್ ಕೋಣೆಯವರೆಗೆ. ಮೇಜಿನಲ್ಲಿ ಕೂತವನು ಹೆಡ್‌ಫೋನಿನಲ್ಲಿ ಕೇಳುತ್ತ, ಯಾವ ಸಂಖ್ಯೆ ಹರಿದುಹೋಯಿತೋ ಅದನ್ನು ಗುರುತು ಹಾಕಿಕೊಳ್ಳುವುದು. ಹಾಡದ ಜಾಗದಲ್ಲಿ ಯಾಕೆ ಎಣಿಸಬೇಕು ಎಂದು ಕೇಳಿದವರಿಗೆ ಅಣ್ಣ ಹೇಳುತ್ತಿದ್ದುದು ಒಂದೇ ಮಾತು: ಹಾಡೋನು ಕಕ್ಕಸಿಗೆ ಹೋದರೂ ದನಿ ಅವನ ಬೆನ್ನ ಹಿಂದೆ ಹೋಗಬೇಕು.

ಮೊದಲನೆಯ ಸೆಟ್ಟಿನಲ್ಲಿ ಅತ್ತಿಗೆ ಎಣಿಸುತ್ತ ನಡೆದಳು. ಏಳಕ್ಕೆ ವೇದಿಕೆಯ ಎಡ ಮೂಲೆ. ಎಂಟು ಅರ್ಧ ಕೇಳಿತು. ಒಂಬತ್ತು ಇಲ್ಲವೇ ಇಲ್ಲ. ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಇವನು ಕೈ ಎತ್ತಿ ನಿಲ್ಲಿಸಿದ. ಅವಳು ಅಲ್ಲೇ ನಿಂತು, ಮೈಕನ್ನು ತಿರುಗಿಸಿ ನೋಡಿದಳು. ಆ ಎಡ ಮೂಲೆಯಲ್ಲೇ ಗಂಡಹೆಂಡತಿ ಎದುರುಬದುರು ನಿಂತು ಕೊನೆಯ ಹಾಡು ಹೇಳುತ್ತಿದ್ದುದು. ಶನಿವಾರ ಅವಳು ಅಲ್ಲಿ ಒಬ್ಬಳೇ ನಿಲ್ಲಬೇಕು.

‘ಇಲ್ಲಿ ನಿಂತಾಗ ದನಿ ಹೋಯ್ತು ಅಂದ್ರೆ ನಾನು ಮತ್ತೆ ಹಾಡಲ್ಲ, ಕಿವಿ,’ ಎಂದಳು. ಮೈಕಿಲ್ಲದೆ, ಬರಿಯ ಬಾಯಲ್ಲಿ, ಆ ಖಾಲಿ ಸಭಾಂಗಣದ ಉದ್ದಕ್ಕೂ ಕೇಳುವಂತೆ. ‘ಶನಿವಾರ ಅಂತಲ್ಲ. ಇನ್ನೆಂದೂ ಹಾಡಲ್ಲ.’

ಇಷ್ಟು ಕೇಳಿದ ಮೇಲೆ ಮೊದಲನೆಯದನ್ನು ಪೆಟ್ಟಿಗೆಗೆ ಹಾಕಿ ಎರಡನೆಯದನ್ನು ಕೈಗೆ ಕೊಡುವುದು ಯಾವ ಸೌಂಡಿನವನಾದರೂ ಮಾಡುವ ಕೆಲಸ. ಆದರೆ ಕಿವಿಯ ಎದೆಯೊಳಗೆ ಒಂದು ಸಣ್ಣ ನೆಮ್ಮದಿ ಮೂಡಿತ್ತು. ಒಂಬತ್ತಕ್ಕೇ ದನಿ ಕಡಿದುಹೋಯಿತಲ್ಲ, ಓಣಿಯವರೆಗೆ ಹೋಗಲಿಲ್ಲವಲ್ಲ ಎಂಬ ನೆಮ್ಮದಿ. ಅದು ಮೂಡಿದ್ದಕ್ಕೆ ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು, ಆದರೂ ಅದು ಹೋಗಲಿಲ್ಲ.

ಅಣ್ಣ ಸತ್ತ ಸಂಜೆ ನಡೆದದ್ದು ಇಷ್ಟು. ಅಣ್ಣನಿಗೆ ಮೈಕಿನ ಸ್ವಿಚ್ಚು ಮರೆಯುವ ಚಾಳಿ. ಆಫ್ ಮಾಡಿಕೊಂಡು ಒಳಗೆ ಹೋಗುತ್ತಿದ್ದ, ಆನ್ ಮಾಡದೆ ಬಂದು ಬಾಯಿ ತೆರೆಯುತ್ತಿದ್ದ. ಆದ್ದರಿಂದ ಕಿವಿಯೇ ಆ ಸ್ವಿಚ್ಚಿನ ಮೇಲೆ ಟೇಪು ಸುತ್ತಿಟ್ಟಿದ್ದ. ಮೈಕು ಯಾವಾಗಲೂ ಜೀವಂತ, ಜನರಿಗೆ ಕೇಳಬೇಕೋ ಬೇಡವೋ ಎಂಬುದು ಮೇಜಿನಲ್ಲಿ ಇವನ ಬೆರಳಿನ ಕೆಳಗೆ. ಅಣ್ಣ ಪರದೆ ದಾಟಿದ ತಕ್ಷಣ ಇವನು ದನಿ ಇಳಿಸುತ್ತಿದ್ದ. ಆಮೇಲೆ ಅದು ಇವನ ಹೆಡ್‌ಫೋನಿಗೆ ಮಾತ್ರ. ಅಣ್ಣನಿಗೆ ಅದು ಗೊತ್ತು. ಗೊತ್ತಿದ್ದೇ ಪ್ರತಿ ವಿರಾಮದಲ್ಲೂ ಓಣಿಯಲ್ಲಿ ನಡೆಯುತ್ತ ತಮ್ಮನೊಬ್ಬನಿಗಾಗಿ ಏನಾದರೊಂದು ನಾಟಕ ಆಡುತ್ತಿದ್ದ. ಡ್ರಮ್ಮಿನವನ ಕೈಗೆ ಲಕ್ವ ಹೊಡೆದಿದೆ ಅನ್ನುತ್ತಿದ್ದ. ಮುಂದಿನ ಸಾಲಿನ ಮುದುಕ ಗೊರಕೆಯಲ್ಲಿ ನನಗಿಂತ ಶ್ರುತಿಬದ್ಧವಾಗಿದ್ದಾನೆ ಅನ್ನುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ನಾನು ಸತ್ತೆ ಕಣೋ ತಮ್ಮಾ, ಒಂದು ಟೀ ಕಳಿಸು ಅನ್ನುತ್ತಿದ್ದ.

ಆ ಸಂಜೆಯೂ ಮೊದಲು ಉಸಿರು ಕೇಳಿತು. ಆಮೇಲೆ, ‘ತಮ್ಮಾ. ಆಗ್ತಿಲ್ಲ ಕಣೋ. ಎದ್ದು ಬಾ.’

ಇವನು ನಕ್ಕ. ಈ ಸಲ ಚೆನ್ನಾಗಿ ಮಾಡಿದ್ದಾನೆ ಅಂದುಕೊಂಡ. ಹೆಡ್‌ಫೋನು ತೆಗೆದಿಟ್ಟು ಹೊರಗೆ ಹೋಗಿ ಟೀ ಕುಡಿದ. ಹದಿಮೂರು ನಿಮಿಷ. ಓಣಿಯ ತಿರುವಿನಲ್ಲಿ, ಕೈ ತೊಳೆಯುವ ತೊಟ್ಟಿಯ ಕೆಳಗೆ ಬಿದ್ದಿದ್ದವನನ್ನು ಮೊದಲು ಕಂಡದ್ದು ಡ್ರಮ್ಮಿನವನು.

ವೈದ್ಯರು ಕ್ಷಣದಲ್ಲಿ ಆಗಿಹೋಗಿರಬೇಕು ಎಂದರು, ಕರೆಯಲೂ ಸಮಯ ಸಿಕ್ಕಿರಲಿಕ್ಕಿಲ್ಲ ಎಂದರು. ಸಮಾಧಾನಕ್ಕೆ ಎಲ್ಲರಿಗೂ ಹೇಳುವ ಮಾತು. ಮೂರನೆಯ ದಿನ ಅತ್ತಿಗೆ ಇವನ ಎದುರು ಕೂತು, ಕೈಯಲ್ಲಿ ಮೈಕಿತ್ತಲ್ಲ, ಏನಾದರೂ ಕೇಳಿತಾ ಎಂದಳು. ಅಲ್ಲಿಂದ ಮೈಕು ಮುಟ್ಟುವುದಿಲ್ಲ ಅತ್ತಿಗೆ, ನಡುವೆ ದಪ್ಪ ಗೋಡೆ ಇದೆ ಎಂದು ಇವನು ಹೇಳಿದ. ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ಬಂತು. ಆಗೆಲ್ಲ ಎಣಿಸುತ್ತ ಹೋಗುತ್ತಿದ್ದವನು ಅಣ್ಣನೇ, ಯಾವ ಸಂಖ್ಯೆ ಎಲ್ಲಿ ಹರಿಯಿತು ಎಂಬುದು ಮೇಜಿನಲ್ಲಿ ಕೂತ ಇವನಿಗಲ್ಲದೆ ಅವಳಿಗೆ ಗೊತ್ತಿರಲಿಲ್ಲ. ಆದರೆ ಆ ಹೆಂಗಸು ಹನ್ನೊಂದು ತಿಂಗಳು ಹಿಡಿದುಕೊಂಡು ನಿಂತದ್ದು ಆ ಗೋಡೆಯನ್ನೇ. ಬಂದವರಿಗೆಲ್ಲ ಹೇಳುತ್ತಿದ್ದಳು, ಅವರು ಯಾರನ್ನೂ ಕರೆಯದೆ ಹೋದರು, ನೋವೇ ಆಗಲಿಲ್ಲವಂತೆ ಎಂದು.

ಈಗ ಅವಳು ಎರಡನೆಯ ಮೈಕಿಗೆ ಬ್ಯಾಟರಿ ಹಾಕಿಸಿಕೊಂಡು ಪಲ್ಲವಿ ಎತ್ತಿಕೊಂಡಳು. ಹಾಡಿದ್ದು ನಾಲ್ಕೇ ಸಾಲು. ಕಿವಿಯ ಕೈ ಗುಂಡಿಗಳ ಮೇಲೆ ಸುಮ್ಮನಾಯಿತು, ತಿದ್ದುವುದಕ್ಕೆ ಏನೂ ಇರಲಿಲ್ಲ. ಹನ್ನೊಂದು ತಿಂಗಳ ತುಕ್ಕು, ದನಿಯ ಅಡಿಯಲ್ಲಿ ಸೇರಿಕೊಂಡಿದ್ದ ಒರಟು, ಸಾಲಿನ ಕೊನೆಯಲ್ಲಿ ಅವಳು ತಡೆದುಕೊಂಡದ್ದು, ಎಲ್ಲವೂ ಇದ್ದ ಹಾಗೇ ಬಂತು. ಆಂಟೆನಾ ತನ್ನ ವ್ಯಾಪಾರ ಮರೆತು ಒಂದು ಕುರ್ಚಿಯ ಮೇಲೆ ಕೂತುಬಿಟ್ಟ. ಡ್ರಮ್ಮಿನವನು ಪರದೆಯ ಹಿಂದಿನಿಂದ ಇಣುಕಿ, ಇನ್ನು ಆರಿಸುವುದೇನು, ಮನೆಗೆ ಹೋಗೋಣ ಎಂದ.

‘ಮೊದಲನೇದನ್ನೇ ತಗೊಳ್ಳೋದು ಒಳ್ಳೇದು,’ ಎಂದ ಕಿವಿ.

ಆಂಟೆನಾ ಎದ್ದು ಬಂದು, ಗಿರಾಕಿಯ ತಲೆ ಕೆಟ್ಟಾಗ ಮಾತಾಡುವ ಮೆಲುದನಿಯಲ್ಲಿ, ಎಡ ಮೂಲೆಯ ಗತಿ ಏನು ಎಂದು ಕೇಳಿದ. ರಿಸೀವರನ್ನು ವೇದಿಕೆಯ ಪಕ್ಕಕ್ಕೇ ತಂದಿಡುತ್ತೇನೆ ಎಂದ ಕಿವಿ. ಶನಿವಾರ ಇಲ್ಲಿ ಆರುನೂರು ಜನ, ಆರುನೂರು ಫೋನು, ಆಗ ಏನು ಮಾಡುತ್ತೀಯ ಎಂದ ಆಂಟೆನಾ. ಕಿವಿ ಮೊದಲನೆಯ ರಿಸೀವರಿನ ವೈರನ್ನು ಮತ್ತೆ ಬಿಗಿ ಮಾಡತೊಡಗಿದ.

ಅತ್ತಿಗೆ ವೇದಿಕೆಯ ಅಂಚಿಗೆ ಬಂದು ಅವನನ್ನೇ ನೋಡಿದಳು. ‘ನಿನ್ನ ಕಿವಿಗೆ ಏನಾಗಿದೆ ಇವತ್ತು?’ ಎಂದಳು. ಗದರಿಕೆಯಲ್ಲ, ನಿಜವಾಗಿ ಕೇಳಿದ್ದು. ಆಮೇಲೆ, ಕ್ರಮ ಅಂದರೆ ಕ್ರಮ, ಇದನ್ನೂ ಕೊನೆಯವರೆಗೆ ಎಣಿಸಿಯೇ ನಿರ್ಧಾರ ಮಾಡೋಣ ಎಂದು ಹೇಳಿ ತಿರುಗಿದಳು. ಬೇಡ ಅನ್ನಲು ಅವನಿಗೆ ಒಂದು ಕಾರಣವೂ ಸಿಗಲಿಲ್ಲ.

ಒಂದು. ಎರಡು. ಮೂರು. ದನಿ ತುಂಬಿಕೊಂಡು ಬಂತು. ಏಳಕ್ಕೆ ಎಡ ಮೂಲೆ. ಎಂಟು, ಒಂಬತ್ತು, ಏನೂ ಆಗಲಿಲ್ಲ. ಹತ್ತಕ್ಕೆ ಪರದೆ ಅವಳನ್ನು ನುಂಗಿತು. ಹನ್ನೊಂದು, ಹನ್ನೆರಡು, ಹದಿಮೂರು, ಅವು ಮೆಟ್ಟಿಲು, ಕಾಲಿಡುವಾಗ ಸಂಖ್ಯೆ ಸ್ವಲ್ಪ ಅಲುಗಿತು. ಹದಿನಾಲ್ಕಕ್ಕೆ ಓಣಿ. ಓಣಿಯ ಸಿಮೆಂಟಿನ ತಂಪು ದನಿಗೆ ಅಂಟಿಕೊಂಡಿತು. ಗೋಡೆ ಇದ್ದಲ್ಲೇ ಇತ್ತು, ಎಣಿಕೆ ಅದರೊಳಗಿಂದ ನೀರಿನ ಹಾಗೆ ಹಾದು ಬರುತ್ತಿತ್ತು. ಹದಿನೇಳು. ಹದಿನೆಂಟು. ನಿಧಾನವಾಯಿತು. ಹತ್ತೊಂಬತ್ತು.

ನಿಂತಿತು.

ಪಕ್ಕದಲ್ಲಿ ಆಂಟೆನಾ ಬಗ್ಗಿ ರಿಸೀವರನ್ನು ನೋಡಿ, ಅಕ್ಕ ಆಫ್ ಮಾಡಿದ್ದಾರೆ, ದೀಪ ಹೋಯಿತು ನೋಡು ಎಂದ. ಹೌದು, ಹಸಿರು ದೀಪ ಆರಿತ್ತು. ಸಿಗ್ನಲ್ಲಿನ ಕಡ್ಡಿಗಳು ಒಂದೂ ಇರಲಿಲ್ಲ.

ಇಪ್ಪತ್ತು, ಎಂದಿತು ಹೆಡ್‌ಫೋನು.

ಗಂಡಸಿನ ದನಿ. ದೂರದ್ದಲ್ಲ. ಮೈಕಿಗೆ ತುಟಿ ತಾಗಿಸಿ ಹೇಳಿದ ಹಾಗೆ. ಇಪ್ಪತ್ತೊಂದು. ಎರಡು ಸಂಖ್ಯೆಗಳ ನಡುವೆ ಒಂದು ಹೆಜ್ಜೆಯ ಹೊತ್ತು, ತಂಡದ ಕ್ರಮ ತಪ್ಪದೆ. ಇಪ್ಪತ್ತೆರಡು. ಕಿವಿ ಆಂಟೆನಾನ ಮುಖ ನೋಡಿದ. ಅವನು ಯಾವುದೋ ಹಾಳೆಯಲ್ಲಿ ಏನೋ ಬರೆದುಕೊಳ್ಳುತ್ತಿದ್ದ. ಇಪ್ಪತ್ತಮೂರು. ಓಣಿಯ ತಿರುವಿಗೆ ಎಷ್ಟು ಹೆಜ್ಜೆ ಎಂದು ಕಿವಿಗೆ ಗೊತ್ತಿತ್ತು, ಹದಿನಾರು ವರ್ಷ ಅದನ್ನು ಗುರುತು ಹಾಕಿಕೊಂಡವನು ಅವನೇ. ಇಪ್ಪತ್ತನಾಲ್ಕು. ತಿರುವು. ಒಂದು ಉಸಿರು ಒಳಗೆ ಹೋಯಿತು, ಹೊರಗೆ ಬರಲಿಲ್ಲ.

‘ತಮ್ಮಾ, ಬಾ.’

ಹೆಡ್‌ಫೋನಿನ ವೈರು ಮೇಜಿನ ಮೇಲಿದ್ದದ್ದನ್ನೆಲ್ಲ ಎಳೆದುಕೊಂಡು ನೆಲಕ್ಕೆ ಬಿತ್ತು. ಕುರ್ಚಿಗಳ ಸಾಲಿನ ನಡುವೆ, ವೇದಿಕೆ ಹತ್ತಿ, ಪರದೆಗೆ ಸಿಕ್ಕಿಕೊಂಡು ಬಿಡಿಸಿಕೊಂಡು, ಮೂರು ಮೆಟ್ಟಿಲನ್ನು ಒಂದೇ ನೆಗೆತಕ್ಕೆ ಇಳಿದು, ಅವನು ಓಡಿದ. ಹನ್ನೊಂದು ತಿಂಗಳ ಹಿಂದೆ ಓಡಬೇಕಾದ ಓಟ ಅದು, ಅಷ್ಟೂ ದೂರ ಕಾಲಿಗೆ ಗೊತ್ತಿತ್ತು.

ಅತ್ತಿಗೆ ಓಣಿಯ ನಡುವೆ, ತಿರುವಿಗೆ ಐದು ಹೆಜ್ಜೆ ಈಚೆ, ಗೋಡೆಗೆ ಬೆನ್ನು ಕೊಟ್ಟು ನಿಂತಿದ್ದಳು. ಮೈಕು ಕೆಳಗೆ ಇಳಿಬಿಟ್ಟ ಕೈಯಲ್ಲಿತ್ತು. ಅವನು ಅವಳನ್ನು ದಾಟಿ ತಿರುವಿನವರೆಗೆ ಹೋಗಿಬಿಟ್ಟ. ಅಲ್ಲಿ ತೊಟ್ಟಿ, ಒಂದು ಸೋಪಿನ ಚೂರು, ಒದ್ದೆಯಿಲ್ಲದ ನೆಲ. ಯಾರೂ ಇರಲಿಲ್ಲ. ತಿರುಗಿ ಬರುವಾಗ ಅತ್ತಿಗೆ ತನ್ನನ್ನೇ ನೋಡುತ್ತಿದ್ದಾಳೆ ಎಂದು ತಿಳಿಯಿತು.

‘ಮುಂದಕ್ಕೆ ಕಾಲು ಬರ್ಲಿಲ್ಲ ಕಣೋ,’ ಎಂದಳು. ‘ಹತ್ತೊಂಬತ್ತಕ್ಕೇ ಆಫ್ ಮಾಡ್ಬಿಟ್ಟೆ. ನೀನ್ಯಾಕೆ ಹೀಗೆ ಓಡಿ ಬಂದೆ?’

‘ಎಣಿಕೆ ನಿಂತ್ಹೋಯ್ತಲ್ಲ ಅತ್ತಿಗೆ. ಅದಕ್ಕೆ.’

‘ನಿಂತದ್ದು ಕೇಳಿಸ್ತಾ?’

ಅವನು ಅವಳ ಕೈಯಲ್ಲಿದ್ದ ಮೈಕನ್ನು ನೋಡಿದ.

‘ಹತ್ತೊಂಬತ್ತು ಕೇಳಿಸ್ತಾ ನಿನಗೆ? ಇಲ್ಲಿಂದ?’

ಅವನು ಹೌದೆಂದು ತಲೆಯಾಡಿಸಿದ. ಅವಳು ಪಕ್ಕಕ್ಕೆ ಕೈ ಚಾಚಿ ಗೋಡೆಯನ್ನು ಮುಟ್ಟಿದಳು. ಅಂಗೈ ಅಗಲಿಸಿ, ಅದರ ದಪ್ಪವನ್ನು ಅಳೆಯುವಂತೆ, ಸ್ವಲ್ಪ ಹೊತ್ತು ಇಟ್ಟುಕೊಂಡೇ ಇದ್ದಳು.

‘ಇದು ಹೊಸ ಸೆಟ್ಟು,’ ಎಂದ ಅವನು. ದನಿ ತನ್ನದಲ್ಲ ಅನ್ನಿಸುವಷ್ಟು ಸರಾಗವಾಗಿ ಬಂತು. ‘ಹಳೇದಕ್ಕೆ ಇಷ್ಟು ಶಕ್ತಿ ಇರ್ಲಿಲ್ಲ.’

ಏದುಸಿರು ಬಿಡುತ್ತ ಹಿಂದೆಯೇ ಬಂದಿದ್ದ ಆಂಟೆನಾ ಮೆಟ್ಟಿಲ ಮೇಲೆ ನಿಂತಿದ್ದ. ಏನು ಅನಾಹುತವಾಯಿತೋ ಎಂದು ಓಡಿ ಬಂದವನಿಗೆ ಎಲ್ಲರೂ ನೆಟ್ಟಗಿರುವುದು ಕಂಡು ಜೀವ ಬಂದಿತ್ತು, ತನ್ನ ಸರಕಿಗೆ ಯಾರೋ ಹೆಸರು ಕೆಡಿಸುವುದೂ ಕೇಳಿಸಿತ್ತು.

‘ಹಾಗನ್ಬೇಡ ಮಾರಾಯ. ಹಳೇದನ್ನೂ ಕೊಟ್ಟವನು ನಾನೇ. ಗೋಡೆ ದಾಟೋದ್ರಲ್ಲಿ ಅದೂ ಇದೇ ಜಾತಿ. ಕೊಟ್ಟ ದಿನ ನಿಮ್ಮಣ್ಣ ಇದೇ ಓಣಿ ದಾಟಿ, ಹೊರಗಿನ ಗೇಟಿನವರೆಗೂ ಎಣಿಸ್ತಾ ಹೋಗಿದ್ರು. ಒಂದು ಸಂಖ್ಯೆ ತಪ್ಪಿತ್ತಾ? ನೀನೇ ಅಲ್ವಾ ಕೇಳ್ತಾ ಕೂತಿದ್ದದ್ದು?’

ಓಣಿಯಲ್ಲಿ ಆಮೇಲೆ ಇದ್ದ ಮೌನ, ಕಿವಿ ತನ್ನ ಆಯುಸ್ಸಿನಲ್ಲಿ ಕೇಳಿದ ಎಲ್ಲ ಮೌನಗಳಿಗಿಂತ ಪೂರ್ತಿಯಾದದ್ದು. ಅದರಲ್ಲಿ ಒಂದು ಎಳೆ ಸದ್ದೂ ಇರಲಿಲ್ಲ. ಅತ್ತಿಗೆ ಗೋಡೆಯಿಂದ ಕೈ ತೆಗೆದಳು. ಅಳಲಿಲ್ಲ, ಕೂಗಲಿಲ್ಲ. ಅವನ ಮುಖವನ್ನೂ ನೋಡಲಿಲ್ಲ, ಅವನ ಕಾಲನ್ನು ನೋಡಿದಳು, ಓಡಿ ಬಂದಿದ್ದ ಆ ಎರಡು ಕಾಲನ್ನು. ಮೈಕನ್ನು ಆಂಟೆನಾನ ಕೈಗೆ ಕೊಟ್ಟು, ಇದನ್ನೇ ಇಟ್ಟುಕೊಳ್ಳುತ್ತೇವೆ ಎಂದಳು. ಆಮೇಲೆ ಯಾರ ಆಸರೆಯೂ ಇಲ್ಲದೆ, ಒಬ್ಬಳೇ, ಮುಂದಿನ ಐದು ಹೆಜ್ಜೆ ನಡೆದು ತಿರುವು ದಾಟಿದಳು. ತೊಟ್ಟಿಯ ನಲ್ಲಿ ತಿರುಗಿಸಿದ ಸದ್ದು ಬಂತು. ಬಹಳ ಹೊತ್ತು ನೀರು ಹರಿಯುತ್ತಿತ್ತು.

ಶನಿವಾರ ಅವಳು ಹಾಡಿದಳು. ಎಡ ಮೂಲೆಯಲ್ಲಿ ನಿಂತಾಗ ದನಿ ಎಲ್ಲೂ ಹೋಗಲಿಲ್ಲ. ಆರುನೂರು ಜನ ಕೆಮ್ಮುವುದನ್ನೂ ಮರೆತು ಕೂತಿದ್ದರು. ಆಮೇಲೆ ಬೇರೆ ಊರುಗಳಿಂದಲೂ ಕರೆ ಬಂತು, ಅವರ ಸಂಸಾರ ಮತ್ತೆ ಹಾಡಿನ ಮೇಲೆ ನಿಂತಿತು. ಮನೆಯಲ್ಲಿ ಅವಳು ಅವನಿಗೆ ಮೊದಲಿನ ಹಾಗೇ ಊಟಕ್ಕೆ ಬಡಿಸುತ್ತಿದ್ದಳು, ಮೊದಲಿನ ಹಾಗೇ ಕಿವಿ ಎಂದು ಕರೆಯುತ್ತಿದ್ದಳು. ಒಂದೇ ಒಂದು ಬದಲಾಗಿತ್ತು. ಬಂದವರಿಗೆ, ಅವರು ಯಾರನ್ನೂ ಕರೆಯದೆ ಹೋದರು ಎಂದು ಹೇಳುವುದನ್ನು ಅವಳು ಬಿಟ್ಟಿದ್ದಳು.

ಯಾವ ಸಭಾಂಗಣಕ್ಕೆ ಹೋದರೂ ಎಣಿಸುತ್ತ ನಡೆಯುವವಳು ಅವಳೇ. ಕೊನೆಯ ಬಾಗಿಲವರೆಗೆ ಹೋಗಿ, ಮೈಕು ಆಫ್ ಮಾಡಿ, ಮೇಜಿನ ಹತ್ತಿರ ಬಂದು ನಿಂತು ಕೇಳುತ್ತಾಳೆ: ‘ಎಷ್ಟರವರೆಗೆ ಕೇಳಿಸ್ತು?’

ಅವನು ಉತ್ತರಕ್ಕೆ ಸ್ವಲ್ಪ ತಡ ಮಾಡುತ್ತಾನೆ. ಅವಳು ನಿಲ್ಲಿಸಿದ ಮೇಲೂ ಎಣಿಕೆ ನಿಲ್ಲುವುದಿಲ್ಲ, ಐದೋ ಆರೋ ಸಂಖ್ಯೆ ಮುಂದಕ್ಕೆ ಹೋಗುತ್ತದೆ. ಹೆಣ್ಣುದನಿ ಎಲ್ಲಿ ಮುಗಿದು ಗಂಡುದನಿ ಎಲ್ಲಿ ಶುರುವಾಯಿತು ಎಂದು ನೆನಪು ಮಾಡಿಕೊಂಡು, ಅವಳ ಕೊನೆಯ ಸಂಖ್ಯೆಯನ್ನು ಹೇಳುತ್ತಾನೆ. ಅವಳು ಇನ್ನೂ ಒಂದು ಕ್ಷಣ ಅಲ್ಲೇ ನಿಂತಿರುತ್ತಾಳೆ. ಅವನು ಗುಂಡಿಗಳನ್ನು ನೋಡುತ್ತ ಕೂತಿರುತ್ತಾನೆ. ಆಮೇಲೆ ಅವಳು ಸೀರೆಯ ಸೆರಗು ಸರಿಮಾಡಿಕೊಂಡು ವೇದಿಕೆಗೆ ಹೋಗುತ್ತಾಳೆ.

ಅಣ್ಣ ಕರೆದದ್ದು ತನಗೆ ಕೇಳಿಸಿತ್ತು ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.